ತಿಮಿಂಗಿಲ ಗಣತಿಗೆ ಮೊದಲ ಸಲ ಹಡಗು ಹತ್ತುತ್ತಿದ್ದೇನೆ, ಏನು ಗಮನಿಸಬೇಕು?

ತಿಮಿಂಗಿಲ ಮತ್ತು ಪೋರ್ಪಸ್ (ಡಾಲ್ಫಿನ್ನಿನಂಥ ಚಿಕ್ಕ ಕಡಲ ಸಸ್ತನಿ) ಗಣತಿಯ ಹಡಗಿನಲ್ಲಿ ವೀಕ್ಷಕಿಯಾಗಿ ಹೊರಟಿದ್ದೇನೆ. ಹಕ್ಕಿ ಎಣಿಸಿ ಅಭ್ಯಾಸವಿದೆ, ಸಮುದ್ರ ಹೊಸದು. ಡೆಕ್ ಮೇಲೆ ನಿಂತವರಿಗೆ ಮಾತ್ರ ಗೊತ್ತಿರುವ ವಿಷಯಗಳಿದ್ದರೆ ಹೇಳಿ.

ಉತ್ತರ 1
ಯಾವ ಪ್ರಾಣಿ ಅನ್ನುವುದಕ್ಕಿಂತ ಎಷ್ಟು ದೂರದಲ್ಲಿತ್ತು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಿ. ಹಡಗು ಮೊದಲೇ ಹಾಕಿದ ಗೆರೆಯ ಮೇಲೆ ಹೋಗುತ್ತದೆ. ನೀವು ಬರೆದ ಕೋನ ಮತ್ತು ದೂರದಿಂದ, ಪ್ರಾಣಿ ಆ ಗೆರೆಯಿಂದ ಎಷ್ಟು ಪಕ್ಕಕ್ಕಿತ್ತು ಎಂದು ಲೆಕ್ಕ ಹಾಕುತ್ತಾರೆ. ದೂರ ಹೋದಷ್ಟೂ ಎಷ್ಟು ಕಣ್ತಪ್ಪುತ್ತವೆ ಅನ್ನುವುದು ಅಲ್ಲಿಂದಲೇ ತಿಳಿಯುವುದು. ಹಾಗಾಗಿ ಕೋನವನ್ನು ಸುಮ್ನೆ 5, 10 ಎಂದು ದುಂಡಗೆ ಬರೆಯಬೇಡಿ, ಆಂಗಲ್ ಬೋರ್ಡ್ (ಕೋನ ಅಳೆಯುವ ಹಲಗೆ) ನೋಡಿ ಓದಿ. 'ಹೆಚ್ಚುಕಡಿಮೆ ನೇರ ಮುಂದೆ' ಎಂದು ಎಲ್ಲವನ್ನೂ ಸೊನ್ನೆಗೆ ತಳ್ಳಿದರೆ ಗೆರೆಯ ಹತ್ತಿರವೇ ಪ್ರಾಣಿಗಳು ಗುಂಪುಗೂಡಿದಂತೆ ಕಂಡು ಅಂದಾಜು ಉಬ್ಬುತ್ತದೆ.

ಇನ್ನೊಂದು ತೊಡಕು ಹಡಗೇ. ಹಾರ್ಬರ್ ಪೋರ್ಪಸ್ ಹಡಗು ಕಂಡರೆ ದೂರ ಸರಿಯುತ್ತದೆ. ಡಾಲ್ಸ್ ಪೋರ್ಪಸ್ ಇದಕ್ಕೆ ಉಲ್ಟಾ, ಹಡಗಿನ ಮುಂದಿನ ಅಲೆಯಲ್ಲಿ ಆಡಲು ಓಡಿ ಬರುತ್ತದೆ! ಅದಕ್ಕೇ ಕೆಲವು ಕಡೆ ಎರಡು ತಂಡ ಇಡುತ್ತಾರೆ. ಮೇಲಿನ ತಂಡ ದೊಡ್ಡ ಬೈನಾಕ್ಯುಲರ್‌ನಲ್ಲಿ ದೂರ ನೋಡಿ, ಪ್ರಾಣಿಗೆ ಹಡಗಿನ ಸುಳಿವು ಸಿಗುವ ಮೊದಲೇ ಗುರುತಿಸುತ್ತದೆ. ಕೆಳಗಿನ ತಂಡ ಬರಿಗಣ್ಣಲ್ಲಿ ಹತ್ತಿರ ನೋಡುತ್ತದೆ. ಮೇಲಿನವರು ಕಂಡದ್ದರಲ್ಲಿ ಕೆಳಗಿನವರಿಗೆ ಎಷ್ಟು ಸಿಕ್ಕಿತು ಅನ್ನುವುದರಿಂದ, ಗೆರೆಯ ಮೇಲೇ ಇದ್ದೂ ತಪ್ಪಿಹೋದವುಗಳ ಪಾಲು ಗೊತ್ತಾಗುತ್ತದೆ. ನಿಮ್ಮನ್ನು ಮೇಲಿನ ತಂಡಕ್ಕೆ ಹಾಕಿದರೆ 'ಅಲ್ನೋಡಿ' ಎಂದು ಕೂಗುವ ಹಾಗಿಲ್ಲ. ಕಷ್ಟ, ಆದರೆ ಕೂಗಿದರೆ ಕೆಳಗಿನವರಿಗೆ ಸುಳಿವು ಸಿಕ್ಕಿ ಲೆಕ್ಕವೇ ಕೆಟ್ಟುಹೋಗುತ್ತದೆ.

ಉತ್ತರ 2
ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಗಾಳಿಯ ಜೋರು ಹೇಳುವ ಬ್ಯೂಫೋರ್ಟ್ ಮಾಪಕದಲ್ಲಿ 2 ದಾಟಿದರೆ ಪೋರ್ಪಸ್ ಆಸೆ ಬಿಡಿ. ಅದರ ಬೆನ್ನಿನ ಚಿಕ್ಕ ತ್ರಿಕೋನ ರೆಕ್ಕೆ ಬಿಳಿ ನೊರೆಯ ನಡುವೆ ಕಾಣುವುದೇ ಇಲ್ಲ. ದೊಡ್ಡ ತಿಮಿಂಗಿಲದ ಉಸಿರಿನ ಕಾರಂಜಿ ಇನ್ನೂ ಜೋರು ಗಾಳಿಯಲ್ಲೂ ಕಾಣುತ್ತದೆ. ಸಮುದ್ರದ ಸ್ಥಿತಿ, ಬಿಸಿಲಿನ ಹೊಳಪು ಬದಲಾದ ಕೂಡಲೇ ನಮೂದಿಸಿ, ಪಾಳಿ ಮುಗಿದ ಮೇಲೆ ನೆನಪಿನಿಂದ ಬೇಡ.

ಉತ್ತರ 3
ಹೈಡ್ರೋಫೋನ್ (ನೀರೊಳಗಿನ ಮೈಕ್) ಎಳೆದುಕೊಂಡು ಹೋಗುವ ಹಡಗಾದರೆ ಅದರ ಪಾಳಿಯನ್ನೂ ಕೇಳಿ ಪಡೆಯಿರಿ. ಸ್ಪರ್ಮ್ ತಿಮಿಂಗಿಲ ಮುಕ್ಕಾಲು ಗಂಟೆ ನೀರೊಳಗೇ ಇರಬಲ್ಲದು. ಕಣ್ಣಿಗೆ ಬೀಳದಿದ್ದರೂ ಅದರ ಟಿಕ್ ಟಿಕ್ ಹಲವು ಕಿಲೋಮೀಟರ್ ದೂರದಿಂದ, ರಾತ್ರಿಯೂ ಕೇಳಿಸುತ್ತದೆ. ಹಾರ್ಬರ್ ಪೋರ್ಪಸ್ ಸದ್ದು ಮಾತ್ರ ಸುಮಾರು 130 ಕಿಲೋಹರ್ಟ್ಸ್. ನಮ್ಮ ಕಿವಿಗೆ ಕೇಳಿಸದು, ಪರದೆಯ ಮೇಲೆ ನೋಡಬೇಕು. ಅದೂ ಕೆಲವು ನೂರು ಮೀಟರ್ ಒಳಗಿದ್ದರೆ.

ಉತ್ತರ 4
ನಿಮ್ಮ ಪಾಲಿನ ಸಮುದ್ರ ಖಾಲಿ ಕಂಡರೆ ಸಂಖ್ಯೆ ಕುಸಿದಿದೆ ಎಂದು ಆಗಲೇ ತೀರ್ಮಾನಕ್ಕೆ ಬರಬೇಡಿ. ಯುರೋಪಿನ ಸ್ಕ್ಯಾನ್ಸ್ ಗಣತಿ 1994, 2005, 2016 ಮತ್ತು 2022ರಲ್ಲಿ ನಡೆಯಿತು. ಮೊದಲ ಎರಡರ ನಡುವೆ ಉತ್ತರ ಸಮುದ್ರದ (ನಾರ್ತ್ ಸೀ) ಪೋರ್ಪಸ್‌ಗಳ ಒಟ್ಟು ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಆದರೆ ಅವು ಹೆಚ್ಚಾಗಿದ್ದ ಜಾಗ ಉತ್ತರದಿಂದ ದಕ್ಷಿಣಕ್ಕೆ ಸರಿದಿತ್ತು. ಉತ್ತರದ ತುಂಡನ್ನಷ್ಟೇ ನೋಡಿದ್ದರೆ ಏನೆನಿಸುತ್ತಿತ್ತು, ಯೋಚಿಸಿ.

ಕೇಳಿದವರು
ತುಂಬಾ ಉಪಕಾರವಾಯಿತು. ಜಾತಿ ಗೊತ್ತಾಗದಿದ್ದರೆ?

ಉತ್ತರ 1
'ಗುರುತಾಗದ ದೊಡ್ಡ ತಿಮಿಂಗಿಲ' ಎಂದೇ ಬರೆಯಿರಿ. ಪಕ್ಕದವರು 'ಫಿನ್ ತಿಮಿಂಗಿಲ ಇರಬೇಕು' ಅಂದರೂ ನಿಮಗೆ ಕಂಡಷ್ಟೇ ಬರೆಯಿರಿ. ಮತ್ತೆ, ವಾಂತಿ ಮಾತ್ರೆ ಹಡಗು ಹೊರಡುವ ಮೊದಲೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ಅಲ್ಲ.