ಅಪ್‌ಡೇಟ್: ಮೂರನೇ ಬ್ರೇಕ್ ಲೈಟ್ ಕೊನೆಗೂ ಉರಿಯಿತು

ನನ್ನ ಹಳೇ ಹ್ಯಾಚ್‌ಬ್ಯಾಕಿನಲ್ಲಿ ಕೆಳಗಿನ ಎರಡು ಬ್ರೇಕ್ ಲೈಟ್ ಸರಿ ಇವೆ, ಡಿಕ್ಕಿ ಬಾಗಿಲ ಮೇಲಿನದು ಮಾತ್ರ ಹೊಸ ಬಲ್ಬ್ ಹಾಕಿದರೂ ಉರಿಯುತ್ತಿಲ್ಲ ಅಂತ ಕೇಳಿದ್ದೆ ಅಲ್ವಾ, ಅದು ಸರಿಯಾಯಿತು.

ಪೆಡಲ್ ಒತ್ತಿದಾಗ ಲೈಟ್ ಉರಿಸುವ ಬ್ರೇಕ್ ಸ್ವಿಚ್ ಬದಲಿಸಿ ಅಂತ ಕೆಲವರು ಹೇಳಿದ್ದಿರಿ. ಅದೇ ಸ್ವಿಚ್ಚಿನಿಂದ ಕೆಳಗಿನವು ಉರಿಯುತ್ತಿರುವಾಗ ಅದನ್ನು ಯಾಕೆ ದೂರಬೇಕು? ತಮ್ಮನಿಗೆ ಪೆಡಲ್ ಒತ್ತಲು ಹೇಳಿ ಬಲ್ಬ್ ಹೋಲ್ಡರಿಗೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಸೊನ್ನೆ. ಅದೇ ವೈರಿನ, ಕಾರಿನ ಬಾಡಿ ಕಡೆಯ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತಿತ್ತು. ಅಂದರೆ ನಡುವೆ ಎಲ್ಲೋ ಕಟ್ ಆಗಿದೆ.

ಡಿಕ್ಕಿ ಬಾಗಿಲ ಹಿಂಜ್ ಪಕ್ಕದ, ವೈರ್‌ಗಳು ಹಾದುಹೋಗುವ ರಬ್ಬರ್ ಕೊಳವೆ ಸರಿಸಿದರೆ, ಒಂದು ವೈರ್ ಪೂರ್ತಿ ತುಂಡು! ಒಳಗಿನ ತಾಮ್ರ ಹಸಿರುಗಟ್ಟಿ, ಉಗುರು ತಾಗಿದರೆ ಪುಡಿಯಾಗುತ್ತಿತ್ತು. ಬಾಗಿಲು ತೆಗೆದು ಮುಚ್ಚಿದಾಗಲೆಲ್ಲ ವೈರ್ ಅಲ್ಲೇ ಮಡಚುತ್ತದೆ. ಮನೆ ಬೇರೆ ಮಲ್ಪೆಯಲ್ಲಿ, ಉಪ್ಪುಗಾಳಿಗೆ ಅಷ್ಟು ಸಾಕು.

ಇಂಥ ಕಡೆ ಸುಮ್ನೆ ತಿರುಚಿ ಟೇಪ್ ಸುತ್ತಿದರೆ ನಿಲ್ಲುವುದಿಲ್ಲ. ಹಸಿರು ಹಿಡಿದ ಭಾಗ ಕತ್ತರಿಸಿ, ಮೆದುವಾದ ಹೊಸ ವೈರ್ ಸ್ವಲ್ಪ ಜಾಸ್ತಿ ಉದ್ದ ಬಿಟ್ಟು ಸೇರಿಸಿದೆ. ಸೋಲ್ಡರ್ ಮಾಡಿದ ಜಾಗ ಮಡಚದ ಹಾಗೆ ಎರಡೂ ಜಾಯಿಂಟ್ ಕೊಳವೆಯ ಹೊರಗಿಟ್ಟು ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಪಕ್ಕದ ವೈಪರ್ ವೈರಿನ ಹೊದಿಕೆಯೂ ಬಿರುಕು ಬಿಟ್ಟಿತ್ತು. ಅದೇ ಕೈಯಲ್ಲಿ ಅದನ್ನೂ ಸರಿ ಮಾಡಿ ಮುಗಿಸಿದೆ.