ಅಪ್‌ಡೇಟ್: ತಾತನ .375 ರೈಫಲ್, ಖಾಲಿ ಕೇಸ್‌ಗಳ ವಿಷಯ

ಮಂಡ್ಯದ ಹಳೇ ಮನೆಯಲ್ಲಿ ತಾತನ .375 ಮ್ಯಾಗ್ನಮ್ ರೈಫಲ್ ಸಿಕ್ಕಿದೆ, ಜೊತೆಗಿರುವ ಖಾಲಿ ಹಿತ್ತಾಳೆ ಕೇಸ್‌ಗಳಿಗೆ (ಗುಂಡು ಹಾರಿದ ಮೇಲೆ ಉಳಿಯುವ ಕೊಳವೆಯಂಥ ಕವಚ) ಮನೆಯಲ್ಲೇ ಮತ್ತೆ ಮದ್ದು ತುಂಬಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ತುಂಬಲಿಲ್ಲ, ತುಂಬುವುದೂ ಇಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ರೈಫಲ್ ಇಟ್ಟುಕೊಳ್ಳೋಕೂ ನನ್ನ ಹೆಸರಲ್ಲಿ ಲೈಸೆನ್ಸ್ ಇರಲಿಲ್ಲ. ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ.

ಒಪ್ಪಿಸುವ ಮೊದಲು, ಈ ವಿಷಯ ಬಲ್ಲ ಹಿರಿಯರೊಬ್ಬರಿಗೆ ಕೇಸ್‌ಗಳನ್ನು ತೋರಿಸಿದ್ದೆ. ನಿಜಕ್ಕೂ ಗಾಬರಿಯಾಗಿದ್ದು ಆಗಲೇ. .375ರ ಕೇಸ್‌ಗೆ ಬುಡದಲ್ಲಿ ಬೆಲ್ಟ್ ಥರ ಒಂದು ಪಟ್ಟಿ ಇರುತ್ತದೆ. ಅದರ ಸ್ವಲ್ಪ ಮೇಲೆ, ಸುತ್ತಲೂ, ಕೂದಲೆಳೆಯಷ್ಟು ಸಣ್ಣ ಹೊಳೆಯುವ ಗೆರೆ. ಹಾರಿಸಿದಾಗಲೆಲ್ಲ ಹಿತ್ತಾಳೆ ಅಲ್ಲೇ ಹಿಗ್ಗಿ ತೆಳುವಾಗುತ್ತಂತೆ. ತುದಿ ಬಾಗಿಸಿದ ತಂತಿಯನ್ನು ಒಳಗೆ ಬಿಟ್ಟು ನಿಧಾನಕ್ಕೆ ಎಳೆದರು. ಆ ಜಾಗಕ್ಕೆ ಬಂದಾಗ ತಂತಿ ಗಕ್ಕನೆ ಸಿಕ್ಕಿಕೊಂಡಿತು. ಒಳಗೆ ಗುಂಡಿ ಬಿದ್ದಿತ್ತು! ಇಂಥದ್ದಕ್ಕೆ ಮತ್ತೆ ಮದ್ದು ತುಂಬಿ ಹಾರಿಸಿದರೆ ಬುಡ ಕಿತ್ತು, ಬಿಸಿ ಗ್ಯಾಸ್ ಹಾರಿಸಿದವನ ಮುಖಕ್ಕೇ ಬರಬಹುದು. ಹೊರಗಿಂದ ನೋಡಿದರೆ, ಆ ಗೆರೆ ಬಿಟ್ಟರೆ, ಕೇಸ್‌ಗಳು ಚೆನ್ನಾಗೇ ಇದ್ದವು.

ಕೇಸ್‌ಗಳನ್ನೂ ಠಾಣೆಗೇ ಕೊಟ್ಟೆ. ತಾತನ ಚರ್ಮದ ಬೆಲ್ಟ್ ಮಾತ್ರ ಅಜ್ಜಿ ಬಿಟ್ಟುಕೊಡಲಿಲ್ಲ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.