ಸಹಾಯ ಬೇಕು: ಮನೆಯಲ್ಲಿ ನೋಡಿಕೊಳ್ಳುವವರ ಮಾತು ಬರೆದುಕೊಳ್ಳಲು ಜನ ಬೇಕಾಗಿದ್ದಾರೆ

ಎಲ್ಲರಿಗೂ ನಮಸ್ಕಾರ. ಬೌದ್ಧಿಕ ವಿಕಲತೆ ಇರುವವರಿಗೆ 18 ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಪೋಷಕರಾಗಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯವರೊಬ್ಬರು, ವಿಕಲಚೇತನರೊಬ್ಬರು ಇರುತ್ತಾರೆ. ಹಗಲೂ ರಾತ್ರಿ ನೋಡಿಕೊಳ್ಳುವ ಮನೆಯವರಿಗೆಂದು ಕುರ್ಚಿ ಇಲ್ಲ. ಅವರ ಮಾತನ್ನು ಬರೆದು ಸಮಿತಿಗೆ ಕೊಡಲು ತಾಲ್ಲೂಕಿನಲ್ಲಿ ಸಭೆ ಇಟ್ಟುಕೊಂಡಿದ್ದೇವೆ.

ಇಂಥ ಸಭೆ ಕೆಡುವುದು ಹೀಗೆ: ಮಗನನ್ನು ಬಿಟ್ಟು ಬರಲು ತಾಯಿಗೆ ಆಗುವುದಿಲ್ಲ. ಬಂದರೂ, ಅಧಿಕಾರಿಗಳೇ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ. ಅದಕ್ಕೇ ಸಮಯ 11ರಿಂದ 1, ಗುಂಪಿಗೆ 6–8 ಜನ, ಅಧಿಕಾರಿಗಳು ಕೊನೆಯ ಅರ್ಧ ಗಂಟೆ ಮಾತ್ರ.

ಸಭೆ ನಡೆಯುವಾಗ ಜೊತೆಯಲ್ಲಿ ಬಂದ ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳಲು ಇಬ್ಬರು ವಿಶೇಷ ಶಿಕ್ಷಕರು ಬೇಕು. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಗೊತ್ತಿರಲಿ. ಬರೆದುಕೊಳ್ಳಲು ನಾಲ್ವರು ಬೇಕು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ದಯವಿಟ್ಟು ಕಚೇರಿ ಕನ್ನಡಕ್ಕೆ ತಿದ್ದಬೇಡಿ.

ಬರಲಾಗದವರು ವಾಯ್ಸ್ ಮೆಸೇಜ್ ಕಳಿಸಿ: ರಾತ್ರಿ ನಿದ್ದೆ, ಔಷಧಿ, ಬ್ಯಾಂಕಿನ ತೊಂದರೆ, ನಮ್ಮ ನಂತರ ಯಾರು. ಹೆಸರು, ಊರು ಬೇಡ. ಪೋಷಕತ್ವದ ಪತ್ರ ಸಿಕ್ಕವರು ಆರು ತಿಂಗಳೊಳಗೆ ಸಮಿತಿಗೆ ಕೊಡಬೇಕಾದ, ವಿಕಲತೆ ಇರುವವರ ಆಸ್ತಿಪಟ್ಟಿಯನ್ನು ಹೇಗೆ ತಯಾರಿಸಿದಿರಿ, ಅದನ್ನೂ ಹೇಳಿ.